ಉಸಿರಿನ ಹೊಣೆ

ದಶರಥನು ಕತ್ತಲಲ್ಲಿ ಕೊಡ ತುಂಬುವ ಸದ್ದನ್ನು ಕೇಳಿ, ಆನೆಯು ನೀರು ಕುಡಿಯುತ್ತಿರುವುದೆಂದು ಬಗೆದು ಬಾಣ ಬಿಟ್ಟನು. ಬಾಣವು ನಾಟಿದ್ದು ಕುರುಡರಾದ ತಂದೆತಾಯಿಗಳಿಗೆ ನೀರು ತರಲು ಬಂದ ತರುಣನಿಗೆ. ಕೊಲ್ಲುವ ಸಂಕಲ್ಪವು ರಾಜನಿಗಿರಲಿಲ್ಲ. ಶಾಪವು ಮಾತ್ರ ತಪ್ಪಲಿಲ್ಲ. ಈ ಕಥೆಯನ್ನು ತರಗತಿಯಲ್ಲಿ ಹೇಳಿದಾಗಲೆಲ್ಲ ಯಾವನಾದರೊಬ್ಬ ಹುಡುಗನು, "ಗೊತ್ತಿಲ್ಲದೆ ಮಾಡಿದ್ದಲ್ಲವೇ ಮಾಷ್ಟ್ರೇ?" ಎಂದು ಕೇಳದೆ ಬಿಡುವುದಿಲ್ಲ. ಇದಕ್ಕೆ ಉತ್ತರ ಕೊಡುವುದು ಕಷ್ಟವಲ್ಲ. ಕಣ್ಣಿಗೆ ಕಾಣದ ಗುರಿಗೆ ಬಾಣ ಬಿಡದೆ ಇರುವ ಸ್ವಾತಂತ್ರ್ಯವು ದಶರಥನಿಗಿತ್ತು. ಆ ಸ್ವಾತಂತ್ರ್ಯವನ್ನು ಬಳಸದೆ ಹೋದುದಕ್ಕೆ ಅವನು ಹೊಣೆ.

ಆದರೆ ಬಾಣದ ಸ್ಥಾನದಲ್ಲಿ ಉಸಿರನ್ನೇ ಇಟ್ಟು ನೋಡೋಣ. ಬೇಟೆಯಾಡದೆ ಬದುಕಬಹುದು, ಉಸಿರಾಡದೆ ಬದುಕುವಂತಿಲ್ಲ. ಒಬ್ಬನ ಉಸಿರಿನಿಂದ ಮತ್ತೊಬ್ಬನ ಎದೆಗೆ ಸಾವಿನ ಬೀಜವು ಹೋಗಿ ಬೀಳುವುದಾದರೆ ಅದು ಯಾರ ತಪ್ಪು? ತಿಳಿದೂ ಮುಚ್ಚಿಟ್ಟವನು ಕೊಲೆಗಾರನೆ? ಈ ಪ್ರಶ್ನೆಗಳನ್ನು ಒರೆಗೆ ಹಚ್ಚಿ ನೋಡಲು ಕ್ಷಯರೋಗಕ್ಕಿಂತ ಒಳ್ಳೆಯ ಉದಾಹರಣೆಯು ನನಗೆ ತಿಳಿಯದು. ಅದು ಮುಗಿದುಹೋದ ಕಥೆಯೆಂದು ನಮ್ಮಲ್ಲಿ ಅನೇಕರು ಭಾವಿಸಿರುವುದುಂಟು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2023ನೆಯ ಒಂದೇ ವರ್ಷದಲ್ಲಿ ಸುಮಾರು ಒಂದು ಕೋಟಿ ಎಂಟು ಲಕ್ಷ ಜನರಿಗೆ ಕ್ಷಯವು ಹೊಸದಾಗಿ ತಗುಲಿತು. ಸುಮಾರು ಹನ್ನೆರಡೂವರೆ ಲಕ್ಷ ಜನ ಸತ್ತರು. ಹೊಸ ರೋಗಿಗಳಲ್ಲಿ ನಾಲ್ಕರಲ್ಲೊಂದು ಪಾಲಿಗಿಂತ ಹೆಚ್ಚು ಜನ ಭಾರತದವರೇ.

ನಮ್ಮ ಪ್ರಾಚೀನರು ಕೊಟ್ಟ ಉತ್ತರವು ಚಂದ್ರನ ಕಥೆಯಲ್ಲಿದೆ. ದಕ್ಷನ ಇಪ್ಪತ್ತೇಳು ಮಂದಿ ಹೆಣ್ಣುಮಕ್ಕಳನ್ನು ವರಿಸಿದ ಚಂದ್ರನು ರೋಹಿಣಿಯೊಬ್ಬಳಲ್ಲೇ ಆಸಕ್ತನಾಗಿ ಉಳಿದವರನ್ನು ಕಡೆಗಣಿಸಿದನು. ದಕ್ಷನು ಕೋಪಗೊಂಡನು, ಆ ಕೋಪವೇ ಯಕ್ಷ್ಮವಾಗಿ ಚಂದ್ರನನ್ನು ಹೊಕ್ಕಿತು, ಅವನು ದಿನದಿನಕ್ಕೆ ಕ್ಷಯಿಸತೊಡಗಿದನು. ರಾಜನಾದ ಚಂದ್ರನಿಗೆ ಮೊದಲು ಬಂದುದರಿಂದ ರಾಜಯಕ್ಷ್ಮವೆಂಬ ಹೆಸರಾಯಿತಂತೆ. ಕಥೆಯು ಸುಂದರವಾಗಿದೆ, ಅದರೊಳಗಿನ ತರ್ಕವು ಭಯಂಕರವಾಗಿದೆ. ರೋಗ ಬಂದುದೇ ತಪ್ಪು ಮಾಡಿದುದಕ್ಕೆ ಸಾಕ್ಷಿ ಎಂಬುದು ಆ ತರ್ಕ. ಚಂದ್ರನನ್ನು ಕೊನೆಗೆ ಗುಣಪಡಿಸಿದವರು ಅಶ್ವಿನೀದೇವತೆಗಳೆಂಬ ವೈದ್ಯರು ಎಂದು ಚರಕಸಂಹಿತೆಯಲ್ಲಿ ಹೇಳಿದೆ. ಆ ಭಾಗವನ್ನು ನಮ್ಮ ಜನರು ಅಷ್ಟಾಗಿ ನೆನಪಿಟ್ಟುಕೊಂಡಂತೆ ತೋರುವುದಿಲ್ಲ. ನೆನಪಿಟ್ಟುಕೊಂಡಿರುವುದು ಶಾಪವನ್ನು.

1882ನೆಯ ಮಾರ್ಚ್ 24ರಂದು ಬರ್ಲಿನ್ ನಗರದಲ್ಲಿ ರಾಬರ್ಟ್ ಕಾಖ್ ಎಂಬ ವೈದ್ಯನು ಈ ಶಾಪದ ಬೇರನ್ನು ಗಾಜಿನ ತಟ್ಟೆಯ ಮೇಲಿಟ್ಟು ತೋರಿಸಿದನು. ಅದು ಮಿಲಿಮೀಟರಿನ ಸಾವಿರದಲ್ಲಿ ಮೂರು ಪಾಲಿನಷ್ಟು ಉದ್ದದ, ಕಡ್ಡಿಯಂಥ ಒಂದು ಜೀವಿ. ಇದಕ್ಕೆ ಮೊದಲೇ, 1865ರಲ್ಲಿ, ಫ್ರಾನ್ಸಿನ ವಿಲ್ಮೆ ಎಂಬಾತನು ರೋಗಿಯ ದೇಹದ ಅಂಶವನ್ನು ಮೊಲಕ್ಕೆ ಚುಚ್ಚಿ ಕ್ಷಯವು ಅಂಟುವ ರೋಗವೆಂದು ತೋರಿಸಿದ್ದನು. ಆದರೆ ಅಂಟುವುದು ಏನು ಎಂಬುದನ್ನು ಕಂಡವನು ಕಾಖ್. ಶಾಪವೂ ಅಲ್ಲ, ವಂಶದ ದೋಷವೂ ಅಲ್ಲ, ಒಂದು ಜೀವಿ. ಇಲ್ಲಿಗೆ ತಪ್ಪಿನ ಪ್ರಶ್ನೆಯು ಮುಗಿಯಬೇಕಾಗಿತ್ತು. ಮುಗಿಯಲಿಲ್ಲ. ಜನರು ರೋಗಿಯನ್ನು ಪಾಪಿಯೆಂದು ದೂರವಿಡುವುದನ್ನು ಬಿಟ್ಟು ಅಪಾಯಕಾರಿಯೆಂದು ದೂರವಿಡತೊಡಗಿದರು. ದೂರವು ಮಾತ್ರ ಅಷ್ಟೇ ಉಳಿಯಿತು.

ಈ ಜೀವಿಯ ನಡವಳಿಕೆಯನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು. ಏಕೆಂದರೆ ನಮ್ಮ ನೀತಿಯ ವಿಚಾರವು ಇಲ್ಲಿ ವಿಜ್ಞಾನವನ್ನು ಬಿಟ್ಟು ಒಂದು ಹೆಜ್ಜೆಯನ್ನೂ ಇಡಲಾರದು. ಇದರ ಶಾಸ್ತ್ರೀಯ ನಾಮವು ಮೈಕೋಬ್ಯಾಕ್ಟೀರಿಯಂ ಟ್ಯುಬರ್ಕ್ಯುಲೋಸಿಸ್. ಮೈತುಂಬ ಮೇಣದಂಥ ದಪ್ಪ ಹೊದಿಕೆಯಿದೆ. ಕೆಂಬಣ್ಣವನ್ನು ಕಾಯಿಸಿ ಹಿಡಿಸಿದರೆ ಆಮ್ಲದಿಂದ ತೊಳೆದರೂ ಬಿಡದು. ಪ್ರಯೋಗಶಾಲೆಯಲ್ಲಿ ಇದನ್ನು ಗುರುತಿಸುವ ಹಳೆಯ ಉಪಾಯವೇ ಇದು. ಕರುಳಿನಲ್ಲಿ ವಾಸಿಸುವ ಸಾಮಾನ್ಯ ಬ್ಯಾಕ್ಟೀರಿಯಾ ಇಪ್ಪತ್ತು ನಿಮಿಷಕ್ಕೊಮ್ಮೆ ಒಡೆದು ಎರಡಾಗಬಲ್ಲುದು. ಇದಕ್ಕೆ ಸುಮಾರು ಇಪ್ಪತ್ತು ಗಂಟೆ ಬೇಕು. ಇಷ್ಟು ನಿಧಾನವಾದ ಶತ್ರುವು ಇಷ್ಟು ಜನರನ್ನು ಕೊಂದಿರುವುದು ಆಶ್ಚರ್ಯವೆಂದು ತೋರಬಹುದು. ನಿಧಾನವೇ ಇದರ ಬಲ. ಕಾಲರಾ ಹಿಡಿದವನು ಆ ದಿನವೇ ಹಾಸಿಗೆ ಹಿಡಿಯುತ್ತಾನೆ, ಊರಿಗೆಲ್ಲ ತಿಳಿಯುತ್ತದೆ. ಕ್ಷಯ ಹಿಡಿದವನು ತಿಂಗಳುಗಟ್ಟಲೆ ಎದ್ದು ಓಡಾಡುತ್ತಾನೆ, ದುಡಿಯುತ್ತಾನೆ, ಮಗುವನ್ನು ಎತ್ತಿಕೊಳ್ಳುತ್ತಾನೆ, ಕೆಮ್ಮುತ್ತಾನೆ.

ಕೆಮ್ಮಿದಾಗ, ಸೀನಿದಾಗ, ಗಟ್ಟಿಯಾಗಿ ಮಾತನಾಡಿದಾಗ, ಹಾಡಿದಾಗ ಕೂಡ, ಬಾಯಿಯಿಂದ ತುಂತುರು ಹನಿಗಳು ಹೊರಡುತ್ತವೆ. ದೊಡ್ಡ ಹನಿಗಳು ನೆಲಕ್ಕೆ ಬೀಳುತ್ತವೆ. ಚಿಕ್ಕವು ಗಾಳಿಯಲ್ಲೇ ಒಣಗಿ, ಒಂದೆರಡು ರೋಗಾಣುಗಳನ್ನು ಹೊತ್ತ ಧೂಳಿಗಿಂತ ನವುರಾದ ಕಣಗಳಾಗಿ ಮುಚ್ಚಿದ ಕೋಣೆಯಲ್ಲಿ ಗಂಟೆಗಟ್ಟಲೆ ತೇಲುತ್ತಿರುತ್ತವೆ. ಗಾಳಿಯಾಡುವ ಕಿಟಕಿ ಅವನ್ನು ಚದರಿಸುತ್ತದೆ, ಬಿಸಿಲು ಅವನ್ನು ಕೊಲ್ಲುತ್ತದೆ. ಉಸಿರಿನೊಡನೆ ಒಳಗೆ ಹೋದ ಕಣವು ಮೂಗು ಗಂಟಲುಗಳ ಕಾವಲನ್ನು ದಾಟಿ ಶ್ವಾಸಕೋಶದ ಕಟ್ಟಕಡೆಯ ಗಾಳಿಚೀಲವನ್ನು ಮುಟ್ಟಿದರೆ, ಅಲ್ಲಿ ದೇಹದ ಭಕ್ಷಕ ಕಣಗಳು ಅದನ್ನು ನುಂಗುತ್ತವೆ. ನುಂಗಿದ್ದನ್ನು ಅರಗಿಸುವುದು ಅವುಗಳ ಧರ್ಮ. ಈ ರೋಗಾಣುವು ನುಂಗಲ್ಪಟ್ಟರೂ ಅರಗದೆ, ತನ್ನನ್ನು ಕೊಲ್ಲಲು ಬಂದ ಕಣದೊಳಗೇ ಮನೆ ಮಾಡಿಕೊಂಡು ಬೆಳೆಯಬಲ್ಲುದು. ಆಗ ದೇಹವು ಮತ್ತಷ್ಟು ಕಣಗಳನ್ನು ಕಳುಹಿಸಿ ಸುತ್ತಲೂ ಗೋಡೆ ಕಟ್ಟುತ್ತದೆ. ಆ ಗಂಟಿನೊಳಗೆ ರೋಗಾಣುವು ವರ್ಷಗಟ್ಟಲೆ, ಕೆಲವೊಮ್ಮೆ ಜೀವಮಾನವಿಡೀ, ಸುಮ್ಮನೆ ಬಿದ್ದಿರುತ್ತದೆ. ಹೀಗೆ ಸೋಂಕು ತಗುಲಿದ ನೂರು ಜನರಲ್ಲಿ ಐದರಿಂದ ಹತ್ತು ಜನರಿಗೆ ಮಾತ್ರ ಬಾಳಿನಲ್ಲಿ ಎಂದಾದರೊಮ್ಮೆ ರೋಗವು ಏಳುತ್ತದೆ. ಹೊಟ್ಟೆಗೆ ಸಾಲದವರಿಗೆ, ಸಕ್ಕರೆಕಾಯಿಲೆಯವರಿಗೆ, ಎಚ್‌ಐವಿ ತಗುಲಿದವರಿಗೆ, ತಂಬಾಕು ಸೇದುವವರಿಗೆ, ಕಲ್ಲುಪುಡಿ ಕುಡಿಯುವ ಗಣಿಕೆಲಸದವರಿಗೆ ಗೋಡೆಯು ಬೇಗ ಕುಸಿಯುತ್ತದೆ.

ಒಂದು ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಶಾಲೆಯ ಗೋಡೆಗೆ ಅಂಟಿಸುವ ಚಿತ್ರಗಳಲ್ಲಿ ಈ ರೋಗಾಣುವಿಗೆ ಕೋರೆಹಲ್ಲು, ಕೊಂಬು ಬರೆದು ರಾಕ್ಷಸನನ್ನಾಗಿ ಮಾಡುತ್ತಾರೆ. ಮಕ್ಕಳಿಗೆ ಅದು ಇಷ್ಟವೂ ಆಗುತ್ತದೆ. ನನಗೆ ಇದು ಸರಿಬೀಳುವುದಿಲ್ಲ. ಅದಕ್ಕೆ ದ್ವೇಷವಿಲ್ಲ, ಸಂಕಲ್ಪವಿಲ್ಲ. ರಾಕ್ಷಸನ ಚಿತ್ರ ನೋಡಿದ ಮಗುವು ನಾಳೆ ರಾಕ್ಷಸನು ಹೊಕ್ಕ ಮನೆ ಯಾವುದೆಂದು ಹುಡುಕಲು ಹೊರಡುತ್ತದೆ.

ಈಗ ಮೂಲಪ್ರಶ್ನೆಗೆ ಬರೋಣ. ತಿಳಿಯದೆ ರೋಗ ಕೊಟ್ಟವನ ಮೇಲೆ ತಪ್ಪನ್ನು ಹೊರಿಸಲಾಗದು. ದಶರಥನಿಗಿದ್ದ ಸ್ವಾತಂತ್ರ್ಯವು ಅವನಿಗಿಲ್ಲ. ನಮ್ಮ ದೇಶದಲ್ಲಿ 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಕಂಡುಬಂದ ಕ್ಷಯರೋಗಿಗಳಲ್ಲಿ, ಎದೆಯ ಎಕ್ಸ್‌ರೇ ತೆಗೆಯದೆ ಬರಿಯ ಲಕ್ಷಣಗಳನ್ನು ಕೇಳಿ ಬಿಟ್ಟಿದ್ದರೆ ನೂರರಲ್ಲಿ ನಲವತ್ತಕ್ಕೂ ಹೆಚ್ಚು ಮಂದಿ ಗೊತ್ತಾಗದೆ ಉಳಿಯುತ್ತಿದ್ದರು. ಅದೇ ಸಮೀಕ್ಷೆಯಂತೆ ಹದಿನೈದು ವರ್ಷ ದಾಟಿದವರಲ್ಲಿ ಹೆಚ್ಚುಕಡಿಮೆ ಮೂವರಲ್ಲೊಬ್ಬರ ದೇಹದಲ್ಲಿ ಸೋಂಕು ಇತ್ತು. ಇವರು ರೋಗಿಗಳಲ್ಲ, ಇವರಿಂದ ಯಾರಿಗೂ ಅಂಟುವುದಿಲ್ಲ. ಗಂಟಿನೊಳಗೆ ಅತಿಥಿಯನ್ನಿಟ್ಟುಕೊಂಡಿರುವವರು, ಅಷ್ಟೆ. ಒಂದು ಶಾಲೆಯಲ್ಲಿ ಒಂಬತ್ತು ಮಂದಿ ಉಪಾಧ್ಯಾಯರಿದ್ದರೆ ಮೂವರು ಈ ಲೆಕ್ಕಕ್ಕೆ ಸೇರಿದವರಿರಬಹುದು. ಆ ಮೂವರಲ್ಲಿ ನಾನೂ ಒಬ್ಬನಿರಬಹುದು. ರೋಗಿಯ ಕಡೆಗೆ ಬೆರಳು ತೋರುವವನು ತನ್ನ ಎದೆಯೊಳಗೆ ಏನಿದೆಯೆಂದು ಬಲ್ಲವನಲ್ಲ.

ತಿಳಿದೂ ಮುಚ್ಚಿಡುವವನ ವಿಚಾರವು ಇಷ್ಟು ಸುಲಭವಲ್ಲ. ಇಲ್ಲಿ ಎರಡು ಬಗೆಯ ಮುಚ್ಚುಮರೆಯನ್ನು ಬೇರೆಬೇರೆಯಾಗಿ ನೋಡಬೇಕು. ಕೆಮ್ಮು ಎರಡು ವಾರ ದಾಟಿತು, ಸಂಜೆ ಜ್ವರ ಬರುತ್ತಿದೆ, ಮೈ ಇಳಿಯುತ್ತಿದೆ. ಆದರೂ ಕಫಪರೀಕ್ಷೆಗೆ ಹೋಗದೆ ತನಗೆ ತಾನೇ ಮುಚ್ಚಿಟ್ಟುಕೊಳ್ಳುವುದು ಒಂದು. ಪರೀಕ್ಷೆಯಾಗಿ, ಔಷಧ ತೆಗೆದುಕೊಳ್ಳುತ್ತಾ, ಅದನ್ನು ನೆರೆಯವರಿಗೆ ಹೇಳದೆ ಇರುವುದು ಮತ್ತೊಂದು. ಜನರು ಎರಡನೆಯದನ್ನು ದೊಡ್ಡ ಮೋಸವೆಂದು ಕೂಗಾಡುತ್ತಾರೆ. ವಾಸ್ತವದಲ್ಲಿ ಅಪಾಯವಿರುವುದು ಮೊದಲನೆಯದರಲ್ಲಿ. ತಕ್ಕ ಔಷಧವು ಶುರುವಾದ ಕೆಲವೇ ವಾರಗಳಲ್ಲಿ ರೋಗಿಯ ಉಸಿರಿನಿಂದ ಅಂಟುವ ಸಂಭವವು ಬಹುಮಟ್ಟಿಗೆ ಕುಗ್ಗುತ್ತದೆ. ಮನೆಯವರಿಗೆ ತಗುಲಬೇಕಾದದ್ದು ಸಾಮಾನ್ಯವಾಗಿ ಅದಕ್ಕೆ ಮೊದಲೇ ತಗುಲಿರುತ್ತದೆ. ಅಂದರೆ ನಾವು ಹೆದರಿ ದೂರ ಸರಿಯುವುದು ಗುಳಿಗೆ ನುಂಗುತ್ತಿರುವ, ಹೆಸರು ತಿಳಿದಿರುವ ರೋಗಿಯಿಂದ. ಪಕ್ಕದಲ್ಲಿ ಕುಳಿತು ಬಸ್ಸಿನಲ್ಲಿ ಕೆಮ್ಮುತ್ತಿರುವ, ಹೆಸರಿಲ್ಲದ ರೋಗಿಯಿಂದಲ್ಲ. ಮೊದಲನೆಯವನಿಗೆ ಊರಿನಲ್ಲಾದ ಗತಿಯನ್ನು ಕಂಡ ಎರಡನೆಯವನು ಪರೀಕ್ಷೆಗೆ ಹೋಗುವನೆ? ಮಗಳ ಸಂಬಂಧವು ಮುರಿಯುವುದೆಂದು, ಮನೆಗೆಲಸದ ಮನೆಯವರು ಬಾಗಿಲು ಹಾಕುವರೆಂದು ಅವನು ಇನ್ನೊಂದು ತಿಂಗಳು ಕೆಮ್ಮಿನ ಔಷಧಿ ಕುಡಿಯುತ್ತಾನೆ. ಆ ತಿಂಗಳಲ್ಲಿ ಯಾರಿಗೆ ರೋಗವು ತಗುಲಿತೋ ಅದರ ಹೊಣೆಯಲ್ಲಿ ಅವನ ಪಾಲು ಇದೆ, ನಾನು ಅಲ್ಲಗಳೆಯುವುದಿಲ್ಲ. ಆದರೆ ಸತ್ಯದ ಬೆಲೆಯನ್ನು ಅಷ್ಟು ಏರಿಸಿಟ್ಟ ನೆರೆಹೊರೆಯ ಪಾಲೂ ಅದರಲ್ಲಿದೆ. ಎಲ್ಲರೂ ಹರಿಶ್ಚಂದ್ರರಾಗಬೇಕೆಂದು ಬಯಸುವವರು ತಾವು ವಿಶ್ವಾಮಿತ್ರರಾಗಿ ನಿಲ್ಲಬಾರದು.

ಹಾಗಾದರೆ ಯಾರಿಗೆ ಹೇಳಬೇಕು? ವೈದ್ಯನಿಗೆ ಹೇಳಬೇಕು; ಒಂದೇ ಸೂರಿನ ಕೆಳಗೆ ಮಲಗುವವರಿಗೆ ಹೇಳಬೇಕು, ಏಕೆಂದರೆ ಅವರ ಪರೀಕ್ಷೆಯೂ ಆಗಬೇಕು, ಚಿಕ್ಕ ಮಕ್ಕಳಿಗೆ ರೋಗ ಏಳದಂತೆ ಔಷಧವನ್ನೂ ಕೊಡಬೇಕು. ಬೀದಿಗೆಲ್ಲ ಸಾರಬೇಕೆಂಬ ಕರ್ತವ್ಯವು ಯಾವ ಧರ್ಮದಲ್ಲೂ ನನಗೆ ಕಾಣದು.

ರೋಗಿಯ ಹೊಣೆಯು ನಿಸ್ಸಂದೇಹವಾಗಿ ನಿಲ್ಲುವ ಒಂದು ಜಾಗವಿದೆ. ಅದು ಔಷಧವನ್ನು ನಡುವೆ ಬಿಡುವುದು. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಚಿಕಿತ್ಸೆ. ಮೊದಲೆರಡು ತಿಂಗಳು ನಾಲ್ಕು ಬಗೆಯ ಮದ್ದು ಒಟ್ಟಿಗೆ. ಇಷ್ಟೇಕೆಂದರೆ, ಕೋಟಿಗಟ್ಟಲೆ ರೋಗಾಣುಗಳಲ್ಲಿ ಕೆಲವು ಆಕಸ್ಮಿಕವಾಗಿಯೇ ಯಾವುದಾದರೊಂದು ಮದ್ದಿಗೆ ಬಗ್ಗದವು ಇರುತ್ತವೆ. ಒಂದೇ ಮದ್ದು ಕೊಟ್ಟರೆ ಉಳಿದವು ಸತ್ತು ಅವು ಮಾತ್ರ ಬೆಳೆಯುತ್ತವೆ. 1940ರ ದಶಕದಲ್ಲಿ ಸ್ಟ್ರೆಪ್ಟೊಮೈಸಿನ್ ಒಂದನ್ನೇ ನಂಬಿದಾಗ ಹೀಗೆಯೇ ಆಯಿತು; ಎದ್ದು ಕುಳಿತ ರೋಗಿಗಳು ಮತ್ತೆ ಮಲಗಿದರು. ಎರಡನೆಯ ತಿಂಗಳಿಗೆ ಕೆಮ್ಮು ನಿಂತು ಮೈ ತುಂಬಿಕೊಂಡಾಗ ಗುಳಿಗೆ ಬಿಟ್ಟವನು, ತನ್ನೊಳಗೆ ಮದ್ದಿಗೆ ಬಗ್ಗದ ತಳಿಯನ್ನು ಸಾಕಿ, ಮುಂದೆ ತಾನು ನೋಡದೆ ಇರುವ ಯಾರಿಗೋ ಅದನ್ನು ದಾಟಿಸಬಹುದು. ಇದು ದಶರಥನ ಬಾಣಕ್ಕೆ ಹತ್ತಿರದ ಸಂಗತಿ. ರೋಗಿಗೆ ಇದನ್ನು ಮೆತ್ತಗೆ ಅಲ್ಲ, ಸ್ಪಷ್ಟವಾಗಿಯೇ ಹೇಳಬೇಕು. ಆದರೂ ಬಿಟ್ಟವನನ್ನು ಬೈಯುವ ಮೊದಲು ಏಕೆ ಬಿಟ್ಟೆಯೆಂದು ಕೇಳುವುದು ಮೇಲು. ರಿಫಾಂಪಿಸಿನ್ ಎಂಬ ಮದ್ದಿನಿಂದ ಮೂತ್ರವು ಕೇಸರಿಗೆಂಪಾಗುತ್ತದೆ. ನಾಲ್ಕು ಬಾಡಿಗೆಮನೆಗಳಿಗೆ ಒಂದೇ ಶೌಚಾಲಯವಿರುವಲ್ಲಿ ಅದೊಂದೇ ಗುಟ್ಟನ್ನು ಹೊರಹಾಕಲು ಸಾಕು.

ಎರಡು ವರ್ಷಗಳ ಹಿಂದೆ ರಕ್ಷಕ-ಶಿಕ್ಷಕ ಸಂಘದ ಸಭೆಯಲ್ಲಿ ಒಂದು ಮಾತು ಬಂತು. ಮೂರನೆಯ ತರಗತಿಯ ಒಬ್ಬ ಹುಡುಗಿಯ ತಂದೆಗೆ ಕ್ಷಯವೆಂದು ಹೇಗೋ ತಿಳಿದಿತ್ತು. ಹಿಂದಿನ ಸಾಲಿನಿಂದ ಒಬ್ಬ ತಾಯಿ ಎದ್ದು, "ಮಾಷ್ಟ್ರೇ, ನಮಗೆ ಆ ಮಗುವಿನ ಮೇಲೆ ಕೋಪ ಇಲ್ಲ. ಆದರೆ ನಮ್ಮ ಮಕ್ಕಳ ಹತ್ತಿರ ಕೂರಿಸಬೇಡಿ" ಎಂದರು. ಹಲವರು ತಲೆದೂಗಿದರು. ಕೆಟ್ಟವರ ಮಾತಲ್ಲ ಅದು, ತಾಯಂದಿರ ಮಾತು. ಅದಕ್ಕಾಗಿಯೇ ಉತ್ತರ ಹೇಳುವುದು ಕಷ್ಟವಾಗಿತ್ತು. ಆರೋಗ್ಯ ಕೇಂದ್ರದಿಂದ ಬಂದಿದ್ದ ದಾದಿಯವರು ಎದ್ದು ನಿಂತು, ಯಾರ ಮನೆಯ ಹೆಸರನ್ನೂ ಎತ್ತದೆ, ನಮಗೆಲ್ಲ ತಿಳಿಯಹೇಳಿದರು: ಚಿಕ್ಕ ಮಕ್ಕಳ ಎದೆಯಲ್ಲಿ ರೋಗಾಣುಗಳು ಕಡಿಮೆ, ಕೆಮ್ಮಿನಲ್ಲಿ ಕಸುವು ಕಡಿಮೆ, ಅವರಿಂದ ಬೇರೆಯವರಿಗೆ ಹರಡುವುದು ಅಪರೂಪ. ತಟ್ಟೆ, ಲೋಟ, ಬಟ್ಟೆ, ಪುಸ್ತಕ, ಕೈ ಮುಟ್ಟುವುದು, ಇವುಗಳಿಂದ ಕ್ಷಯವು ಅಂಟದು. ಮಗುವಿಗೆ ಕ್ಷಯ ಬಂದರೆ ಅದು ಹತ್ತಿರದ ಯಾವನೋ ದೊಡ್ಡವನು ರೋಗಿಯಾಗಿದ್ದಾನೆಂಬುದಕ್ಕೆ ಗುರುತು. ನಾವು ಬೇರೆ ಕೂರಿಸಬೇಕೆಂದು ಹೊರಟಿದ್ದು ಕೊಡುವವಳನ್ನಲ್ಲ, ಪಡೆಯುವ ಸಂಭವವುಳ್ಳವಳನ್ನು. ಹುಡುಗಿಗೆ ರೋಗವೂ ಇರಲಿಲ್ಲ. ಸಭೆಯು ಒಪ್ಪಿತೆಂದು ಹೇಳಲಾರೆ. ಬೆಂಚು ಮಾತ್ರ ಬದಲಾಗಲಿಲ್ಲ. ತರಗತಿಯ ಎರಡು ಮುರಿದ ಕಿಟಕಿಗಳನ್ನು ತೆರೆಯುವಂತೆ ಮಾಡಿಸಿದ್ದು ಆ ಸಭೆಯ ಪ್ರಯೋಜನ.

ದೂರವಿಡುವುದು ಅಗತ್ಯವೆ ಎಂಬ ಪ್ರಶ್ನೆಗೆ ಬಹು ಹಿಂದೆಯೇ ಉತ್ತರ ದೊರಕಿದೆ, ಅದೂ ನಮ್ಮ ದಕ್ಷಿಣ ದೇಶದಲ್ಲಿಯೇ. ಕಾಸರಗೋಡು ತಾಲೂಕು ಮದರಾಸನ್ನು ಬಿಟ್ಟು ಕೇರಳಕ್ಕೆ ಸೇರಿದ ಆ 1956ನೆಯ ಇಸವಿಯಲ್ಲಿಯೇ ಮದರಾಸು ನಗರದಲ್ಲಿ ಕ್ಷಯಚಿಕಿತ್ಸೆಯ ಒಂದು ಸಂಶೋಧನ ಕೇಂದ್ರವು ಸ್ಥಾಪಿತವಾಯಿತು. ಅದುವರೆಗೆ ರೋಗಿಯನ್ನು ಮನೆಯಿಂದ ಬಿಡಿಸಿ ಆರೋಗ್ಯಧಾಮದಲ್ಲಿಟ್ಟು, ಒಳ್ಳೆಯ ಗಾಳಿ, ಒಳ್ಳೆಯ ಊಟ, ಪೂರ್ಣ ವಿಶ್ರಾಂತಿ ಕೊಡುವುದೇ ಶ್ರೇಷ್ಠವೆಂದಿತ್ತು. ಆ ಕೇಂದ್ರದವರು 193 ಮಂದಿ ಬಡರೋಗಿಗಳನ್ನು ಎರಡು ಪಾಲು ಮಾಡಿ, ಒಂದು ಪಾಲಿನವರನ್ನು ಆರೋಗ್ಯಧಾಮಕ್ಕೆ ಕಳುಹಿಸಿದರು. ಇನ್ನೊಂದು ಪಾಲಿನವರಿಗೆ ಅವರ ಇಕ್ಕಟ್ಟಾದ ಮನೆಗಳಲ್ಲಿಯೇ ಅದೇ ಔಷಧ ಕೊಟ್ಟರು. ವರ್ಷದ ಕೊನೆಗೆ ಧಾಮದಲ್ಲಿದ್ದವರಲ್ಲಿ ನೂರಕ್ಕೆ 92, ಮನೆಯಲ್ಲಿದ್ದವರಲ್ಲಿ ನೂರಕ್ಕೆ 86 ಮಂದಿ ಒಳ್ಳೆಯ ಸ್ಥಿತಿಗೆ ಬಂದಿದ್ದರು. ಮನೆಯಲ್ಲೇ ಉಳಿದ ರೋಗಿಗಳ ಬಂಧುಗಳಿಗೆ ರೋಗವು ಹೆಚ್ಚಾಗಿ ಹರಡಲೂ ಇಲ್ಲ. ಈ ಫಲಿತಾಂಶವು 1959ರಲ್ಲಿ ಪ್ರಕಟವಾಗಿ ಲೋಕದ ಕ್ಷಯಚಿಕಿತ್ಸೆಯ ದಾರಿಯನ್ನೇ ಬದಲಿಸಿತು. ವೈದ್ಯರು ಇದನ್ನು ಔಷಧದ ವಿಜಯವೆಂದು ಓದುತ್ತಾರೆ. ನನಗಾದರೋ ಇದು ನೀತಿಯ ಗ್ರಂಥದಂತೆಯೂ ಕಾಣುತ್ತದೆ. ತಾಯಿಯನ್ನು ಮಗುವಿನಿಂದ ಅಗಲಿಸುವುದು ಅನಿವಾರ್ಯವೆಂದು ನಂಬಿದ್ದೆವು. ಗುಳಿಗೆ ಸಕಾಲದಲ್ಲಿ ದೊರೆತರೆ ಅದು ಅನಿವಾರ್ಯವಾಗಿರಲಿಲ್ಲ.

ಆ ಮೇಲೆ, ಬೆಂಗಳೂರಿನ ರಾಷ್ಟ್ರೀಯ ಕ್ಷಯ ಸಂಸ್ಥೆಯವರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ವಿಚಾರಿಸಿ 1963ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಹಳ್ಳಿಯ ರೋಗಿಗೆ ಅರಿವಿಲ್ಲ, ಕರೆದರೂ ಬಾರನು ಎಂಬುದು ಓದಿದವರ ಅಭಿಪ್ರಾಯವಾಗಿತ್ತು. ಕಂಡದ್ದು ಬೇರೆ. ರೋಗಿಗಳಲ್ಲಿ ಬಹುತೇಕ ಎಲ್ಲರಿಗೂ ತಮ್ಮ ಮೈಯಲ್ಲಿ ಏನೋ ಕೆಟ್ಟಿದೆಯೆಂಬ ಅರಿವಿತ್ತು; ಅರ್ಧಕ್ಕೂ ಹೆಚ್ಚು ಮಂದಿ ಆಗಲೇ ಚಿಕಿತ್ಸೆ ಬೇಡಿ ಹೋಗಿದ್ದರು; ಅನೇಕರು ಕೆಮ್ಮಿನ ಔಷಧಿಯ ಸೀಸೆ ಹಿಡಿದು ಹಿಂದಿರುಗಿದ್ದರು. ಬಾಗಿಲು ತಟ್ಟಿದವನಿಗೆ ತೆರೆಯದೆ, ಅವನು ತಟ್ಟಲೇ ಇಲ್ಲವೆಂದು ದೂರುವುದು ಹಳೆಯ ಅಭ್ಯಾಸ.

ಇನ್ನೂ ಒಂದು ಹೆಜ್ಜೆ ಮುಂದಕ್ಕೆ ಹೋಗಬೇಕಾಗಿದೆ. ಗೋಡೆ ಕುಸಿಯಲು ಮುಖ್ಯ ಕಾರಣಗಳಲ್ಲೊಂದು ಹಸಿವೆಂದು ಮೇಲೆ ಹೇಳಿದೆ. ತಲಪಾಡಿಯ ಗಡಿ ದಾಟಿದರೆ ಸಿಗುವ ದೇರಳಕಟ್ಟೆಯ ಯೇನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ, ಮಾಧವಿ ಭಾರ್ಗವ ಮತ್ತು ಅವರ ಸಂಗಡಿಗರು 2019ರಿಂದ 2022ರವರೆಗೆ ಝಾರ್ಖಂಡದಲ್ಲಿ ಒಂದು ಪ್ರಯೋಗ ನಡೆಸಿದರು. ಎಲ್ಲ ರೋಗಿಗಳಿಗೂ ಔಷಧದೊಡನೆ ಆಹಾರಧಾನ್ಯ ಕೊಟ್ಟರು. ಅರ್ಧದಷ್ಟು ಊರುಗಳಲ್ಲಿ ಮಾತ್ರ ರೋಗಿಯ ಮನೆಯವರಿಗೂ ಕೊಟ್ಟರು. ದೊಡ್ಡವರಿಗೆ ತಲೆಗೆ ತಿಂಗಳಿಗೆ 5 ಕಿಲೋ ಅಕ್ಕಿ, ಒಂದೂವರೆ ಕಿಲೋ ಬೇಳೆ, ಜೊತೆಗೆ ಜೀವಸತ್ವದ ಗುಳಿಗೆ. 2023ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಹಾಗೆ ಧಾನ್ಯ ಪಡೆದ ಮನೆಗಳವರಲ್ಲಿ ಹೊಸದಾಗಿ ಕ್ಷಯ ಏಳುವುದು ನೂರಕ್ಕೆ ಸುಮಾರು 40ರಷ್ಟು ಕಡಿಮೆಯಾಯಿತು. ಒಂದೇ ಉಸಿರು, ಒಂದೇ ರೋಗಾಣು. ಒಂದು ಮನೆಯಲ್ಲಿ ಅದು ಗಂಟಿನೊಳಗೆ ಮಲಗಿತು, ಇನ್ನೊಂದರಲ್ಲಿ ಎದ್ದಿತು. ನಡುವಿನ ವ್ಯತ್ಯಾಸವು ಅಕ್ಕಿಬೇಳೆಗಳ ಚೀಲ.

ಹಾಗಾದರೆ ರೋಗ ತಗುಲಿಸಿದವನು ಯಾರು ಎಂದು ಕೇಳುವವರು ಊಟ ಸಾಲದಂತೆ ಬಿಟ್ಟವರು ಯಾರು ಎಂದೂ ಕೇಳಬೇಕಾಗುತ್ತದೆ. ಎರಡನೆಯದಕ್ಕೆ ಉತ್ತರವಾಗಿ ಯಾವನೊಬ್ಬನ ಹೆಸರನ್ನೂ ಹೇಳಲಾಗದು; ಆದುದರಿಂದಲೇ ಅದನ್ನು ಯಾರೂ ಕೇಳುವುದಿಲ್ಲ. ಸರ್ಕಾರವು ಚಿಕಿತ್ಸೆಯ ಕಾಲದಲ್ಲಿ ರೋಗಿಯ ಪೌಷ್ಟಿಕ ಆಹಾರಕ್ಕೆಂದು 2018ರಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿತ್ತು; 2024ರಲ್ಲಿ ಅದು 1000 ರೂಪಾಯಿ ಆಯಿತು. ರೋಗಿಯ ಹೆಸರಿನಲ್ಲಿ ಬಂದ ಆ ಹಣದಲ್ಲಿ ಹೆಂಡತಿ ಬೀಡಿ ಕಟ್ಟಿ ಸಾಗಿಸುವ ಮನೆಯೊಂದರ ಐದು ತಟ್ಟೆಗಳು ತುಂಬಬೇಕು. ಐದು ಮಂದಿಗೆ ಆರು ತಿಂಗಳಿಗೆ ಆ ಪ್ರಯೋಗದ ಲೆಕ್ಕದಂತೆ ಬೇಕಾಗುವುದು ಒಂದೂವರೆ ಕ್ವಿಂಟಲ್ ಅಕ್ಕಿ, 45 ಕಿಲೋ ಬೇಳೆ. ನಮ್ಮ ಊರಿನ ಜಾತ್ರೆಯ ಅನ್ನಸಂತರ್ಪಣೆಗೆ ಒಂದೇ ಮಧ್ಯಾಹ್ನ ಬೇಯುವ ಅಕ್ಕಿಯು ಇದಕ್ಕಿಂತ ಹೆಚ್ಚು.